ಹದಿನಾಲ್ಕನೇ ಸಾಲು

ಮಧ್ಯಾಹ್ನ ಮೂರಕ್ಕೆ ಆಡಬೇಕಾದ ಮಾತುಗಳನ್ನು ಭೂಗೋಳದ ಮೇಷ್ಟ್ರು ಬೆಳಿಗ್ಗೆ ಏಳಕ್ಕೇ ಬಚ್ಚಲಿನ ಕನ್ನಡಿಯ ಮುಂದೆ ಆಡಿ ನೋಡುತ್ತಿದ್ದರು. ‘ಮಾನ್ಯ ಅಧಿಕಾರಿಗಳೇ, ಶಿಕ್ಷಕ ಬಂಧುಗಳೇ, ಅಂಗೈಯಗಲದ ಈ ಡಿಜಿಟಲ್ ಡೈರಿಯಿಂದ ಒಬ್ಬ ಶಿಕ್ಷಕ ಪಡೆಯಬಹುದಾದ ಪ್ರಯೋಜನಗಳು ಎಂಟು’ ಎಂಬಲ್ಲಿಗೆ ಬಂದಾಗ ಕನ್ನಡಿಯೊಳಗಿನ ಬಾಯಿ ತಮ್ಮ ಬಾಯಿಗಿಂತ ತುಸು ತಡವಾಗಿ ತೆರೆಯುತ್ತಿದೆ ಅನ್ನಿಸಿ ನಿಲ್ಲಿಸಿಬಿಟ್ಟರು. ಇಪ್ಪತ್ತಾರು ವರ್ಷ ಮಕ್ಕಳ ಮುಂದೆ ನಿಂತ ಮನುಷ್ಯ ದೊಡ್ಡವರ ಮುಂದೆ ಹತ್ತು ನಿಮಿಷ ನಿಲ್ಲುವುದಕ್ಕೆ ಹೀಗೆ ಬೆವರಬೇಕೆ? ಒಳಗಿನಿಂದ ಹೆಂಡತಿ, “ಎಂಟನೇದು ಬರೋ ಹೊತ್ತಿಗೆ ಕೇಳೋರು ಎದ್ದು ಹೋಗಿರ್ತಾರೆ, ಮೊದಲನೇದನ್ನೇ ಎರಡು ಸಲ ಹೇಳಿ” ಅಂದಳು. ಅವಳ ಮಾತಿನಲ್ಲಿ ನಗೆ ಇತ್ತೋ ಮುಳ್ಳಿತ್ತೋ ತಿಳಿಯಲಿಲ್ಲ. ಹೋದ ತಿಂಗಳು ಅವಳು ತಲೆನೋವೆಂದು ಮುಖಕ್ಕೆ ಬಟ್ಟೆ ಹಾಕಿಕೊಂಡು ಮಲಗಿದ್ದಾಗ ಜೇಬಿನ ಡೈರಿ ಯಂತ್ರ ಕೀ ಕೀ ಎಂದಿತ್ತು. ಮೇಷ್ಟ್ರು ಅದನ್ನು ನೋಡಿ, ಅವಳ ಹತ್ತಿರ ಹೋಗಿ, ಹುಟ್ಟುಹಬ್ಬದ ಶುಭಾಶಯ ಹೇಳಿದ್ದರು. ಅವಳು ಬಟ್ಟೆ ತೆಗೆಯದೆ, “ನಿಮ್ಮ ಡಬ್ಬಿಗೆ ಥ್ಯಾಂಕ್ಸ್ ಹೇಳಿ” ಎಂದಿದ್ದಳು. ಆಮೇಲೊಂದು ದಿನ ಆ ಡಬ್ಬಿಯಲ್ಲಿ ತಾನು ಎಲ್ಲಿದ್ದೇನೆ ತೋರಿಸಿ ಅಂದಾಗ ಇವರು ಉತ್ಸಾಹದಿಂದ ತೋರಿಸಿದ್ದರು. ‘ಶಾಲೆ’, ‘ಇಲಾಖೆ’, ‘ರಿಪೇರಿ’, ಆಮೇಲೆ ‘ಇತರೆ’. ಅವಳು ಇತರೆಯಲ್ಲಿದ್ದಳು.

ಅದು ಬಹುಮಾನವಾಗಿ ಬಂದ ಯಂತ್ರ. ಹನ್ನೆರಡು ದಿನದ ತರಬೇತಿಯಲ್ಲಿ ಒಂದು ದಿನವೂ ತಪ್ಪಿಸಿಕೊಳ್ಳದೆ ಕೂತ ಏಕೈಕ ಶಿಕ್ಷಕ ಎಂದು ಕೊಟ್ಟದ್ದು. ಚಪ್ಪಾಳೆ ತಟ್ಟಿದವರಲ್ಲಿ ಅರ್ಧ ಜನ ಆ ದಿನ ಮಾತ್ರ ಬಂದವರು. ಬೂದು ಬಣ್ಣದ ಪರದೆ, ಪಕ್ಕದ ಗೂಡಿನಲ್ಲಿ ಹಲ್ಲುಕಡ್ಡಿಯಂಥ ಒಂದು ಪ್ಲಾಸ್ಟಿಕ್ ಕಡ್ಡಿ. ಆ ಕಡ್ಡಿ ಹಿಡಿದು ಯಂತ್ರ ಹೇಳಿದ ಆಕಾರದಲ್ಲೇ ಅಕ್ಷರ ಗೀಚಬೇಕು. ಅದಕ್ಕೆ ಇಂಗ್ಲಿಷ್ ಮಾತ್ರ ಗೊತ್ತು, ಅದೂ ಹೆಸರೊಂದಕ್ಕೆ ಎಂಟೇ ಅಕ್ಷರ, ಮಿಕ್ಕವರ ಬಾಲ ಕತ್ತರಿಸಿಹೋಗುತ್ತಿತ್ತು. ಮೇಷ್ಟ್ರು ಮೂರು ವಾರ ಕೈ ತಿದ್ದಿದರು. ಯಂತ್ರ ಇವರ ಅಕ್ಷರ ಕಲಿಯಲಿಲ್ಲ, ಇವರೇ ಅದರ ಅಕ್ಷರ ಕಲಿತರು. ಎಷ್ಟು ಕಲಿತರೆಂದರೆ ಕಪ್ಪುಹಲಗೆಯ ಮೇಲೆ ಅಡ್ಡಗೆರೆಯಿಲ್ಲದ ಇಂಗ್ಲಿಷ್ ಎ ಬರೆದಾಗ ಮಕ್ಕಳು ಅದನ್ನು ಪರ್ವತವೆಂದು ನಕಲು ಮಾಡಿಕೊಂಡರು. ಇನ್ನೊಂದು ಯಂತ್ರ ಎದುರಿಗಿದ್ದರೆ ತಂತಿಯಿಲ್ಲದೆ ಮಾಹಿತಿ ದಾಟಿಸಬಹುದಿತ್ತು. ಎದುರಿಗೆ ಯಾರ ಬಳಿಯೂ ಇರಲಿಲ್ಲವಾಗಿ ಕೆಲವು ಸಲ ಸುಮ್ಮನೆ ಗೋಡೆಗೆ ಹಿಡಿದು ಗುಂಡಿ ಒತ್ತುತ್ತಿದ್ದರು. ಶಿಕ್ಷಕರ ಕೋಣೆಯಲ್ಲಿ ಇವರಿಗೆ ‘ಕಡ್ಡಿ ಮೇಷ್ಟ್ರು’ ಎಂದು ಹೆಸರು ಬಿತ್ತು. ಡ್ರಿಲ್ ಮೇಷ್ಟ್ರಂತೂ ಇವರು ಒಳಗೆ ಬಂದರೆ, “ಯಾರೋ ಕಡ್ಡಿ ಆಡಿಸೋಕೆ ಬಂದ್ರು, ಹುಷಾರು” ಅನ್ನುತ್ತಿದ್ದ. ಇರಲಿ. ಹೆಸರು ಕೂಗಿ ಹಾಜರಿ ತೆಗೆದುಕೊಳ್ಳುವುದನ್ನು ನಿಲ್ಲಿಸಿದ್ದರಿಂದ ದಿನಕ್ಕೆ ನಾಲ್ಕು ನಿಮಿಷ ಉಳಿಯಿತು. ಇನ್ನೂರು ದಿನಕ್ಕೆ ಹದಿಮೂರು ಗಂಟೆ ಇಪ್ಪತ್ತು ನಿಮಿಷ. ಎಂಟು ಪ್ರಯೋಜನಗಳಲ್ಲಿ ಇದೇ ಮೊದಲನೆಯದು. ಉಳಿದ ಆ ಹದಿಮೂರು ಗಂಟೆಯಲ್ಲಿ ಏನು ಮಾಡಿದಿರಿ ಎಂದು ಯಾರೂ ಕೇಳಿರಲಿಲ್ಲ. ಆ ಹೊತ್ತೆಲ್ಲ ಯಂತ್ರಕ್ಕೆ ಉಣಿಸುವುದರಲ್ಲೇ ಹೋಗಿತ್ತು.

ಶಾಲೆಯ ಗೇಟು ದಾಟಿ ಮೆಟ್ಟಿಲು ಹತ್ತುವಾಗಲೇ ಜವಾನ ಬಂದು, ದೊಡ್ಡ ಮೇಡಂ ಕರೀತಿದ್ದಾರೆ ಎಂದ. ದೊಡ್ಡ ಮೇಡಂ ಎಂದರೆ ಮುಖ್ಯೋಪಾಧ್ಯಾಯಿನಿ. ಅವರಿಗಿಂತ ಚಿಕ್ಕ ಮೇಡಂ ಎಂದು ಯಾರೂ ಇರಲಿಲ್ಲವಾದರೂ ಅವರ ಮೇಜಿನ ಅಗಲಕ್ಕೆ ಆ ಹೆಸರು ಒಪ್ಪುತ್ತಿತ್ತು. ಮಧ್ಯಾಹ್ನ ಬರುವ ಅಧಿಕಾರಿಗೆ ಹೂಗುಚ್ಛ ಯಾರು ಕೊಡಬೇಕೆಂಬ ವಿಷಯವಿರಬಹುದು ಎಂದುಕೊಂಡು ಮೇಷ್ಟ್ರು ಒಳಗೆ ಹೋದರು. ಮೇಜಿನ ಈಚೆ ಒಬ್ಬಳು ಹೆಂಗಸು, ಕೊರಳಲ್ಲಿ ಹಳದಿ ಅಳತೆ ಟೇಪು, ರವಿಕೆಯ ತೋಳಿಗೆ ಚುಚ್ಚಿದ ಎರಡು ಸೂಜಿ. ಪಕ್ಕದಲ್ಲಿ ಹತ್ತನೇ ತರಗತಿಯ ಒಬ್ಬ ಹುಡುಗಿ, ಉದ್ದಕಾಲಿನವಳು, ಬೂಟು ಮಾತ್ರ ಹೊಸದು. ಈ ಹುಡುಗಿಯನ್ನು ಎಲ್ಲೋ ನೋಡಿದ್ದೇನೆ ಎಂದು ಮೇಷ್ಟ್ರಿಗೆ ಅನ್ನಿಸಿತು. ಅದು ತಮ್ಮದೇ ತರಗತಿಯಲ್ಲಿ ಎಂದು ಹೊಳೆಯಲು ಒಂದು ಕ್ಷಣ ಹಿಡಿಯಿತು. ಹಿಡಿದ ಆ ಕ್ಷಣವನ್ನು ಹುಡುಗಿ ನೋಡಿದಳು.

“ನಾನು ಇವಳ ದೊಡ್ಡಮ್ಮ,” ಹೆಂಗಸು ಅಂದಳು. “ಬಟ್ಟೆ ಹೊಲಿಯೋ ಅಂಗಡೀಲಿ ಕೆಲಸ, ಹತ್ತು ಗಂಟೆಗೆ ಅಲ್ಲಿರ್ಬೇಕು. ಹಾಜರಿ ಸಾಲದು, ಪರೀಕ್ಷೆಗೆ ಕೂರೋ ಹಾಗಿಲ್ಲ ಅಂತ ಇವಳ ಹೆಸರನ್ನ ಬೋರ್ಡಲ್ಲಿ ಹಾಕಿದ್ದೀರಂತೆ. ಇವಳು ದಿನಾ ಬರ್ತಾಳೆ ಮೇಷ್ಟ್ರೇ. ಬರದೆ ಇನ್ನೆಲ್ಲಿಗೆ ಹೋಗ್ತಾಳೆ?”

ಮೇಷ್ಟ್ರು ಯಂತ್ರ ತೆಗೆದು ಕಡ್ಡಿಯಿಂದ ಎರಡು ಸಲ ಕುಟ್ಟಿದರು. “ನಲವತ್ತಮೂರು ದಿನ ಗೈರುಹಾಜರಿ.”

“ಸರ್, ನಾನು ಒಂದಿನಾನೂ ತಪ್ಪಿಸಿಲ್ಲ,” ಹುಡುಗಿ ಅಂದಳು.

“ನೀನು ಬಂದಿರಬಹುದಮ್ಮ. ಆದರೆ ಇದರಲ್ಲಿ ಬಂದಿಲ್ಲ.”

ಹೇಳಿದ ಮೇಲೆ ಆ ಮಾತು ತಮ್ಮ ಕಿವಿಗೇ ವಿಚಿತ್ರವಾಗಿ ಕೇಳಿಸಿತು. ದೊಡ್ಡ ಮೇಡಂ ಮಾತ್ರ ಗಂಭೀರವಾಗಿ ತಲೆ ಆಡಿಸಿದರು. ದೊಡ್ಡಮ್ಮ ಚೀಲದಿಂದ ಮಡಿಸಿದ ಉತ್ತರಪತ್ರಿಕೆಗಳನ್ನು ತೆಗೆದು, ಬಟ್ಟೆ ಹರಡುವ ಹಾಗೆ ಮೇಜಿನ ಮೇಲೆ ಅಂಗೈಯಿಂದ ಸವರಿ ಹರಡಿದಳು.

“ಈ ಸಹಿ ಯಾರದು?”

“ನನ್ನದೇ.”

“ಈ ತಾರೀಕು?”

“ಅದೂ ನನ್ನದೇ. ಕಿರುಪರೀಕ್ಷೆ ತರಗತಿಯಲ್ಲೇ ತಿದ್ದಿ ಕೊಟ್ಟಿದ್ದು.”

“ಆವತ್ತು ಇವಳು ಇದ್ಳಾ ನಿಮ್ಮ ಡಬ್ಬೀಲಿ?”

ಮೇಷ್ಟ್ರು ಕುಟ್ಟಿದರು. ಇರಲಿಲ್ಲ.

“ಹಾಗಾದ್ರೆ ಈ ಹದಿನೇಳು ನಂಬರು ಯಾರಿಗೆ ಕೊಟ್ರಿ?”

ದೊಡ್ಡ ಮೇಡಂ ನಡುವೆ ಬಂದು, ಪರಿಶೀಲಿಸುತ್ತೇವೆ, ಮಧ್ಯಾಹ್ನ ಬನ್ನಿ ಎಂದರು. ದೊಡ್ಡಮ್ಮ ಪತ್ರಿಕೆಗಳನ್ನು ಒಂದೊಂದಾಗಿ ಎಣಿಸಿ ಮಡಿಸಿಕೊಂಡಳು. ಒಂದನ್ನೂ ಬಿಟ್ಟುಹೋಗುವಷ್ಟು ನಂಬಿಕೆ ಅವಳಿಗೆ ಇದ್ದಂತೆ ಕಾಣಲಿಲ್ಲ.

ತಪ್ಪು ಸಿಕ್ಕಿದ್ದು ಶಿಕ್ಷಕರ ಶೌಚಾಲಯದಲ್ಲಿ, ಸೋರುವ ನಲ್ಲಿಯ ಪಕ್ಕ. ಬೇರೆಲ್ಲೂ ಬಾಗಿಲಿಗೆ ಚಿಲಕ ಇರಲಿಲ್ಲ. ಮೇಷ್ಟ್ರು ಹೆಸರುಗಳನ್ನು ಕೂತ ಜಾಗದ ಕ್ರಮದಲ್ಲಿ ಹಾಕಿಕೊಂಡಿದ್ದರು. ಬೆಂಚಿಗೆ ಮೂವರು, ಒಟ್ಟು ಮೂವತ್ತೊಂಬತ್ತು. ಖಾಲಿ ಜಾಗ ಎಷ್ಟನೆಯದೋ ಆ ಸಾಲಿಗೆ ಕಡ್ಡಿ ಮುಟ್ಟಿಸಿದರೆ ಮುಗಿಯಿತು. ಅರ್ಧವಾರ್ಷಿಕ ಪರೀಕ್ಷೆ ಮುಗಿದ ಮೇಲೆ ಐದನೇ ಬೆಂಚಿನ ನಡುವಿನ ಹುಡುಗಿ, ಹದಿನಾಲ್ಕನೆಯವಳು, ಬೇರೆ ಶಾಲೆಗೆ ಹೋದಳು. ಅವಳ ಹೆಸರನ್ನು ಇವರು ಅಳಿಸಿದರು. ಯಂತ್ರ ವಿಧೇಯವಾಗಿ ಕೆಳಗಿನವರನ್ನೆಲ್ಲ ಒಂದು ಮೆಟ್ಟಿಲು ಮೇಲಕ್ಕೆ ಎಳೆದುಕೊಂಡಿತು. ಜಾಗ ಮಾತ್ರ ಖಾಲಿಯೇ ಉಳಿಯಿತು. ದಿನಾ ಒಳಗೆ ಬಂದು, ತಲೆ ಅರ್ಧ ಎತ್ತಿ, ಹದಿನಾಲ್ಕು ಖಾಲಿ ಎಂದುಕೊಂಡು ಹದಿನಾಲ್ಕನೇ ಸಾಲಿಗೆ ಕುಟ್ಟಿದ್ದರು. ಆ ಸಾಲಿಗೆ ಹತ್ತಿ ಬಂದವಳು ಈ ಹುಡುಗಿ, ಅದೇ ಬೆಂಚಿನ ಕಿಟಕಿ ಬದಿಯವಳು. ಬಿಟ್ಟುಹೋದವಳು ದಿನವೂ ಗೈರುಹಾಜರಾಗುತ್ತಿದ್ದಳು, ಇದ್ದವಳ ಲೆಕ್ಕದಲ್ಲಿ. ನಿಜವಾಗಿ ಚಕ್ಕರ್ ಹೊಡೆದ ಇಬ್ಬರು ಪಕ್ಕದವರ ಹಾಜರಿ ಹೊದ್ದುಕೊಂಡು ಪಾರಾಗಿದ್ದರು. ಮೂವತ್ತೊಂಬತ್ತನೇ ಜಾಗಕ್ಕೆ ಸಾಲೇ ಉಳಿದಿರಲಿಲ್ಲ. ಪಟ್ಟಿ ಒಂದು ಸಾಲು ಬೇಗ ಮುಗಿಯುತ್ತಿದೆ, ತಮ್ಮ ಕೈ ಪಳಗಿದೆ ಎಂದು ಮೇಷ್ಟ್ರು ಒಳಗೊಳಗೇ ಹಿಗ್ಗಿದ್ದರು. ನಲ್ಲಿ ತೊಟ್ಟಿಕ್ಕುತ್ತಿತ್ತು. ಅವಳು ಒಂದು ದಿನ ಕೈ ಎತ್ತಿ, ನದಿಗಳು ಯಾಕೆ ನೇರ ಹರಿಯುವುದಿಲ್ಲ ಸರ್ ಎಂದು ಕೇಳಿದ್ದಳು. ಅದು ಅವಳೇ. ಇವರು ಒಳ್ಳೆಯ ಉತ್ತರವನ್ನೇ ಕೊಟ್ಟಿದ್ದರು, ಹಲಗೆಯ ಮೇಲೆ ಚಿತ್ರ ಬರೆದು. ಉತ್ತರ ಕೊಟ್ಟ ಖುಷಿಯಲ್ಲಿ ಕೇಳಿದವಳ ಮುಖ ನೋಡಿರಲಿಲ್ಲ. ಈಗಲೂ ಚಿತ್ರ ನೆನಪಿತ್ತು, ಸೀಮೆಸುಣ್ಣದ ತುಂಡು ಮುರಿದದ್ದು ನೆನಪಿತ್ತು, ಮುಖದ ಜಾಗದಲ್ಲಿ ಕಿಟಕಿಯ ಬೆಳಕಿತ್ತು. ಯಂತ್ರವನ್ನು ನಲ್ಲಿಯ ಕೆಳಗೆ ಹಿಡಿದುಬಿಡಬೇಕು ಅನ್ನಿಸಿತು. ಆದರೆ ನೀರು ಬಿದ್ದರೆ ವಾರಂಟಿ ಹೋಗುತ್ತದೆ ಎಂಬ ಮಾತು ಅದಕ್ಕಿಂತ ಮೊದಲೇ ನೆನಪಾಗಿ, ಕೈ ತಾನಾಗಿ ಹಿಂದೆ ಸರಿಯಿತು. ಆ ಕೈಯನ್ನು ನೋಡಿ ಅವರಿಗೆ ಅಸಹ್ಯವಾಯಿತು.

“ಮೇಡಂ, ತಪ್ಪು ನನ್ನದು,” ಎಂದು ಹೋಗಿ ಹೇಳಿದರು.

“ಮೊದಲು ಬಾಗಿಲು ಹಾಕಿ.”

ಹಾಕಿ ಬಂದು ಎಲ್ಲ ವಿವರಿಸಿದರು. ದೊಡ್ಡ ಮೇಡಂ ಕನ್ನಡಕ ತೆಗೆದು ಕಣ್ಣು ಒತ್ತಿಕೊಂಡರು. “ಪಟ್ಟಿ ಇಲಾಖೆಗೆ ಹೋಗಿದೆ. ಒಂದೇ ಒಂದು ತಪ್ಪಿಲ್ಲದ ಹಾಜರಿ ಅಂತ ಅವರು ಮೆಚ್ಚಿ ಬರೆದಿದ್ದಾರೆ. ಎಲ್ಲ ಶಾಲೆಗೂ ಇದನ್ನ ಕೊಡೋಣವಾ ಅಂತ ನೋಡೋಕೆ ಇವತ್ತು ಸಾಹೇಬರು ಬರ್ತಿದ್ದಾರೆ. ಈಗ ಇವಳೊಬ್ಬಳದನ್ನ ತಿದ್ದಿದ್ರೆ ಕೆಳಗಿನ ಇಪ್ಪತ್ನಾಲ್ಕು ಜನರದ್ದೂ ತಿದ್ದಬೇಕು ಅಂತೀರಿ. ಒಂದೆಳೆ ಎಳೆದ್ರೆ ಇಡೀ ಸ್ವೆಟರ್ ಬಿಚ್ಚುತ್ತೆ ಮೇಷ್ಟ್ರೇ.”

“ಹಾಗಂತ ಆ ಹುಡುಗಿ...”

“ಹುಡುಗಿಗೆ ಅನ್ಯಾಯ ಮಾಡೋಣ ಅಂದ್ನಾ? ಕಾಯಿಲೆ ಆಗಿತ್ತು ಅಂತ ಅರ್ಜಿ ಬರ್ಕೊಡ್ಲಿ. ನಮ್ಮ ಭಾವ ಡಾಕ್ಟರು, ಸರ್ಟಿಫಿಕೇಟ್ ನಾನು ತರಿಸ್ತೀನಿ. ಸಾಹೇಬರು ಇಲ್ಲೇ ಸಹಿ ಹಾಕ್ತಾರೆ, ಪರೀಕ್ಷೆಗೆ ಕೂರ್ತಾಳೆ. ಅವಳಿಗೂ ನಷ್ಟ ಇಲ್ಲ, ನಿಮಗೂ ಇಲ್ಲ.”

ಎಷ್ಟು ಸಲೀಸು. ಯಂತ್ರ ತಪ್ಪಿರಲಾರದು, ಮೇಷ್ಟ್ರು ತಪ್ಪಿರಲಾರರು, ಆದ್ದರಿಂದ ಹುಡುಗಿಗೆ ಕಾಯಿಲೆ ಬಂದಿರಲೇಬೇಕು. ಮೇಷ್ಟ್ರು ಬೇಡವೆನ್ನಲು ಬಾಯಿ ತೆರೆದರು. ತೆರೆದ ಬಾಯಿಯಿಂದ ಬಂದದ್ದು, “ಯಾವ ಡಾಕ್ಟರು, ಮಕ್ಕಳ ಡಾಕ್ಟರಾ?” ಎಂಬ ಪ್ರಶ್ನೆ.

ಮಧ್ಯಾಹ್ನ ಬಂದ ದೊಡ್ಡಮ್ಮ ನಿಂತೇ ಕೇಳಿಸಿಕೊಂಡಳು. “ಪರೀಕ್ಷೆಗೆ ಕೂರಿಸ್ತೀರಿ ತಾನೇ? ಹಾಗಾದ್ರೆ ಏನು ಬೇಕೋ ಬರೆಸ್ಕೊಳ್ಳಿ,” ಎಂದು ಖಾಲಿ ಹಾಳೆಯ ಮೇಲೆ ತೋರಿಸಿದಲ್ಲಿ ಸಹಿ ಹಾಕಿದಳು. ಬಾಗಿಲ ಹತ್ತಿರ ತಿರುಗಿ ಮೇಷ್ಟ್ರನ್ನು ತಲೆಯಿಂದ ಕಾಲಿನವರೆಗೆ ಅಳೆದು, “ನಮ್ಮಲ್ಲಿ ಅಳತೆ ತಪ್ಪಿದ್ರೆ ಬಟ್ಟೆ ಬಿಚ್ಚಿ ಹೊಲೀತೀವಿ. ಗಿರಾಕೀನ ಕತ್ತರಿಸಲ್ಲ” ಅಂದಳು. ಅವಳ ದನಿಯಲ್ಲಿ ಸಿಟ್ಟೂ ಇರಲಿಲ್ಲ. ಕಸುಬು ಗೊತ್ತಿರುವವರು ಗೊತ್ತಿಲ್ಲದವರಿಗೆ ಹೇಳುವ ದನಿ.

ಅರ್ಜಿಯನ್ನು ಬರೆದದ್ದು ಭೂಪಟಗಳ ಕೋಣೆಯಲ್ಲಿ. ಸುತ್ತಿಟ್ಟ ಖಂಡಗಳು ಮೂಲೆಯಲ್ಲಿ ಒರಗಿದ್ದವು. ಹುಡುಗಿ ಕೆಳಗೆ ಕೂತು ಮೊಣಕಾಲ ಮೇಲೆ ರಟ್ಟು ಇಟ್ಟುಕೊಂಡಳು. ಕುರ್ಚಿಯಲ್ಲಿ ಕೂರು ಎಂದರೂ ಕೂರಲಿಲ್ಲ. ‘ಇವರಿಗೆ’, ‘ಇಂದ’, ‘ವಿಷಯ’ ಎಲ್ಲ ನೀಟಾಗಿ ಬರೆದು ಪೆನ್ನು ಎತ್ತಿದಳು.

“ಯಾವ ಕಾಯಿಲೆ ಅಂತ ಬರೀಲಿ ಸರ್?”

ದೊಡ್ಡ ಮೇಡಂ ಅದನ್ನೂ ಹೇಳಿ ಕಳಿಸಿದ್ದರು. ತುಂಬಾ ದಿನ ಹಿಡಿಯುವಂಥದು, ಆಮೇಲೆ ಗುರುತು ಉಳಿಯದಂಥದು. “ಕಾಮಾಲೆ,” ಮೇಷ್ಟ್ರು ಅಂದರು.

ಹುಡುಗಿ ‘ಕಾಮಲೆ’ ಎಂದು ಬರೆದಳು. ಮೇಷ್ಟ್ರ ಬೆರಳು ಇಪ್ಪತ್ತಾರು ವರ್ಷದ ಅಭ್ಯಾಸದಿಂದ ತಾನಾಗಿ ಹಾಳೆಯ ಮೇಲೆ ಹೋಯಿತು. “‘ಮ’ಕ್ಕೆ ದೀರ್ಘ.” ಅವಳು ತಲೆ ಎತ್ತಿ ನೋಡಿದಳು. ಎಡಹುಬ್ಬಿನ ಮೇಲೆ ಸಣ್ಣ ಗಾಯದ ಗೆರೆ, ಮೂಗಿನ ತುದಿಗೆ ಶಾಯಿ. ಆ ನೋಟದಲ್ಲಿ ದೂರು ಇದ್ದಿದ್ದರೆ ಮೇಷ್ಟ್ರು ಹೇಗೋ ಸಹಿಸುತ್ತಿದ್ದರು. ಅಲ್ಲಿದ್ದದ್ದು ಕುತೂಹಲ, ಇಂಥ ಹೊತ್ತಿನಲ್ಲೂ ದೀರ್ಘ ಕಾಣುವ ಪ್ರಾಣಿ ಎಂಥದ್ದಿರಬಹುದು ಎಂಬ ಕುತೂಹಲ. ಅವಳು ದೀರ್ಘ ಹಾಕಿದಳು. ‘ಈ ಕಾರಣದಿಂದ ತರಗತಿಗೆ ಹಾಜರಾಗಲು ಸಾಧ್ಯವಾಗಲಿಲ್ಲ’ ಎಂದು ಮುಗಿಸಿ, ಕೆಳಗೆ ‘ತಮ್ಮ ವಿಧೇಯ ವಿದ್ಯಾರ್ಥಿನಿ’ ಎಂದು ಬರೆದು ಸಹಿ ಹಾಕಿ, ಆ ಮೂರೂ ಪದಗಳ ಅಡಿಗೆ ಗೆರೆ ಎಳೆದಳು. ಗೆರೆ ಎಳೆಯಬೇಕೆಂದು ಯಾರೂ ಹೇಳಿರಲಿಲ್ಲ.

ಮೂರು ಗಂಟೆಗೆ ವಿಜ್ಞಾನದ ಕೋಣೆಯಲ್ಲಿ ಹನ್ನೊಂದು ಶಿಕ್ಷಕರು, ಮುಂದಿನ ಸಾಲಿನಲ್ಲಿ ಅಧಿಕಾರಿ. ಮೇಷ್ಟ್ರು ಒಂದರಿಂದ ಎಂಟರವರೆಗೆ ಹೇಳಿದರು. ಪಾಠದ ವೇಳಾಪಟ್ಟಿ, ಅಂಕಗಳ ಸರಾಸರಿ, ಪೋಷಕರ ಫೋನ್ ನಂಬರು, ಮಕ್ಕಳ ನಡತೆಯ ಟಿಪ್ಪಣಿ. ಅಧಿಕಾರಿ ಯಂತ್ರವನ್ನು ಕೈಯಲ್ಲಿ ಹಿಡಿದು, ತಿರುಗಿಸಿ, ಇದರಲ್ಲಿ ಆಟ ಇದೆಯೇ ಎಂದು ಕೇಳಿದರು. ಇದೆ ಎಂದಾಗ ಎಲ್ಲರೂ ನಕ್ಕರು. ಎಂಟು ಮುಗಿದ ಮೇಲೆ ವಂದನೆ ಹೇಳಿ ಕೂರಬೇಕಿತ್ತು. ಮೇಷ್ಟ್ರು ಕೂರಲಿಲ್ಲ. ಈಗ ಹೇಳದಿದ್ದರೆ ಇನ್ನೆಂದೂ ಆಗದು.

“ಇನ್ನೊಂದು ಮಾತು. ಒಬ್ಬ ಹುಡುಗಿ ನಲವತ್ತಮೂರು ದಿನ ನನ್ನ ಎದುರಿಗೇ ಕೂತಿದ್ದಳು. ನಾನು ಅವಳನ್ನು ಇಲ್ಲ ಅಂತ ಬರೆದೆ. ನಡುವೆ ಒಬ್ಬಳ ಹೆಸರು ಅಳಿಸಿದೆ, ಸಾಲು ಜರುಗಿತು. ನಾನು ಜಾಗ ನೋಡಿದೆ, ಮಕ್ಕಳನ್ನ ನೋಡಲಿಲ್ಲ.”

ದೊಡ್ಡ ಮೇಡಂ ಕೆಮ್ಮಿದರು. ಆ ಗಳಿಗೆಯಲ್ಲಿ ಮೇಷ್ಟ್ರಿಗೆ ತಾವು ಬಹಳ ಎತ್ತರದಿಂದ ಧುಮುಕಿದ್ದೇವೆ, ಇನ್ನೇನು ನೆಲ ತಗಲುತ್ತದೆ ಅನ್ನಿಸಿ ಒಂದು ಬಗೆಯ ಸುಖವೂ ಆಯಿತು. ಅಧಿಕಾರಿ ಪೆನ್ನು ತೆಗೆದರು.

“ಉದಾಹರಣೆ ಚೆನ್ನಾಗಿ ಕಟ್ಟಿದ್ದೀರಿ. ಎಲ್ಲರೂ ಬರ್ಕೊಳ್ಳಿ, ಇದು ಒಂಬತ್ತನೇದು. ಹೆಸರು ಅಳಿಸಿದಾಗ ಜಾಗದ ಸಂಖ್ಯೆ ಮತ್ತೆ ಸರಿಹೊಂದಿಸಿಕೊಳ್ಳಬೇಕು.”

“ಉದಾಹರಣೆ ಅಲ್ಲ ಸರ್, ನಿಜವಾಗಿ...”

“ನಿಜ ಅನ್ನೋ ಹಾಗೇ ಹೇಳಿದ್ರಿ. ಹಾಗೆ ಹೇಳಿದ್ರೇನೇ ಮನಸ್ಸಿಗೆ ನಾಟೋದು.”

ಹನ್ನೊಂದು ಪೆನ್ನುಗಳು ಸರಸರ ಬರೆದುಕೊಂಡವು. ಚಪ್ಪಾಳೆಯಾಯಿತು. ಚಹಾದ ನಡುವೆ ದೊಡ್ಡ ಮೇಡಂ ಫೈಲು ಮುಂದೆ ಮಾಡಿದರು, ಅಧಿಕಾರಿ ಬಿಸ್ಕತ್ತನ್ನು ಎಡಗೈಗೆ ದಾಟಿಸಿಕೊಂಡು ಕಾಮಾಲೆಯ ಅರ್ಜಿಯ ಮೇಲೆ ‘ಮನ್ನಿಸಿದೆ’ ಎಂದು ಬರೆದು ಸಹಿ ಹಾಕಿದರು. ಕ್ಷಮೆ ಸಿಕ್ಕಿತು. ಯಾರಿಗೆ, ಯಾವ ತಪ್ಪಿಗೆ ಎಂದು ಕೇಳುವ ಧೈರ್ಯ ಈಗ ಮೇಷ್ಟ್ರಲ್ಲಿ ಉಳಿದಿರಲಿಲ್ಲ. ಒಂಬತ್ತನೇದು ಚೆನ್ನಾಗಿತ್ತು ಎಂದು ಗಣಿತದವರು ಬಂದು ಕೈ ಕುಲುಕಿದರು.

ಖಾಲಿಯಾದ ಶಿಕ್ಷಕರ ಕೋಣೆಯಲ್ಲಿ ಕೂತು ಮೇಷ್ಟ್ರು ಒಂದು ಬಿಳಿ ಹಾಳೆ ಎಳೆದುಕೊಂಡರು. ಕನ್ನಡ ಅಕ್ಷರ ದುಂಡಗೆ ಬರಲು ತುಸು ಹೊತ್ತು ಬೇಕಾಯಿತು; ಕೈ ಒಂದೇ ಎಳೆತಕ್ಕೆ ಮುಗಿಸಲು ಹವಣಿಸುತ್ತಿತ್ತು. ‘ಐದನೇ ಬೆಂಚಿನ ಕಿಟಕಿ ಬದಿಯ ವಿದ್ಯಾರ್ಥಿನಿಗೆ ಯಾವ ಕಾಯಿಲೆಯೂ ಬಂದಿರಲಿಲ್ಲ. ಅವಳು ದಿನವೂ ಬಂದಿದ್ದಾಳೆ. ಗೈರುಹಾಜರಿ ಹಾಕಿದ್ದು ನನ್ನ ತಪ್ಪು. ಕಾಮಾಲೆ ಎಂದು ಬರೆಸಿದ್ದೂ ನಾನೇ.’ ಸಹಿ, ತಾರೀಕು. ಇದನ್ನು ಕಡ್ಡಿ ಮುರಿದಂತೆ ದೊಡ್ಡ ಮೇಡಂ ಮೇಜಿನ ಮೇಲೆ ಇಟ್ಟುಬಿಡಬೇಕು. ಇಟ್ಟರೆ ಏನಾಗುತ್ತದೆ? ಯಂತ್ರ ಕಿತ್ತುಕೊಳ್ಳುತ್ತಾರೆ, ಬೇರೆ ಊರಿಗೆ ಹಾಕುತ್ತಾರೆ. ಹಾಕಲಿ. ತಮ್ಮನ್ನು ತಾವು ಹೀಗೆ ಬಲಿ ಕೊಟ್ಟುಕೊಳ್ಳುವ ಚಿತ್ರ ಎಷ್ಟು ಹಿತವಾಗಿತ್ತೆಂದರೆ, ಮೆಟ್ಟಿಲಿಳಿಯುವಾಗ ಬೆನ್ನು ನೆಟ್ಟಗಾಗಿತ್ತು. ಆದರೆ ಮೊದಲು ಹುಡುಗಿಗೆ ತೋರಿಸಬೇಕು. ಯಾಕೆ ತೋರಿಸಬೇಕು ಎಂದು ತಮ್ಮನ್ನು ತಾವು ಕೇಳಿಕೊಳ್ಳಲಿಲ್ಲ.

ಅವಳು ಆಟದ ಮೈದಾನದ ಅಂಚಿನ ಸಿಮೆಂಟು ಕಟ್ಟೆಯ ಮೇಲೆ ಕೂತಿದ್ದಳು, ಸುತ್ತ ಬೇರೆಯವರ ಚೀಲಗಳು, ನೀರಿನ ಬಾಟಲಿಗಳು. ಕೊರಳಲ್ಲಿ ಸ್ಟಾಪ್‌ವಾಚು. ಮೈದಾನದಲ್ಲಿ ನಾಲ್ವರು ಹುಡುಗಿಯರು ಕೋಲು ಕೈಬದಲಾಯಿಸಿ ಓಡುವ ಅಭ್ಯಾಸ ಮಾಡುತ್ತಿದ್ದರು.

“ನೀನು ಓಡೋದಿಲ್ವಾ?”

“ಮೂರನೇ ಸರದಿ ನಂದು ಸರ್. ಇವತ್ತು ಡ್ರಿಲ್ ಸರ್ ತೆಗೆದುಬಿಟ್ರು. ಕಾಮಾಲೆ ಆದವಳನ್ನ ಓಡಿಸಿ ನಾಳೆ ಬಿದ್ರೆ ಯಾರು ಹೊಣೆ ಅಂದ್ರು. ಆಫೀಸಿಂದ ಹೇಳಿ ಕಳಿಸಿದ್ರಂತೆ. ಶನಿವಾರ ಪಂದ್ಯ.”

ಹೊಸ ಬೂಟು. ಬೆಳಿಗ್ಗೆಯಿಂದ ಕಣ್ಣಿಗೆ ಬೀಳುತ್ತಲೇ ಇತ್ತು, ಯಾಕೆ ಹೊಸದು ಎಂದು ಕೇಳಿಕೊಂಡಿರಲಿಲ್ಲ. ಮೇಷ್ಟ್ರು ಹಾಳೆ ಚಾಚಿದರು. ಅವಳು ಓದಿದಳು, ಎರಡು ಸಲ. ಮೇಷ್ಟ್ರು ಕಾದರು. ಅವಳ ಮುಖ ಅರಳಬಹುದು, ಅಳಬಹುದು, ಬೇಡ ಸರ್ ನಿಮಗೆ ತೊಂದರೆಯಾಗುತ್ತೆ ಅನ್ನಬಹುದು ಎಂದು ಕಾದರು.

“ಬೇಡ ಸರ್,” ಅವಳು ಅಂದಳು.

“ನನ್ನ ಬಗ್ಗೆ ಯೋಚನೆ ಮಾಡಬೇಡ ನೀನು.”

“ನಿಮ್ಮ ಬಗ್ಗೆ ಅಲ್ಲ ಸರ್.” ಅವಳು ಹಾಳೆ ವಾಪಸು ಕೊಟ್ಟಳು. “ಅರ್ಜಿ ಸುಳ್ಳು ಅಂತ ಇವತ್ತೇ ನೀವು ಬರೆದುಕೊಟ್ರೆ, ಸುಳ್ಳು ಅರ್ಜಿ ಕೊಟ್ಟವಳು ನಾನಾಗ್ತೀನಿ. ಸಹಿ ನಂದಲ್ವಾ. ಓಟ ಹೋಯ್ತು, ಆಮೇಲೆ ಪರೀಕ್ಷೇನೂ ಹೋಗುತ್ತೆ. ಕಾಯಿಲೆ ಇದ್ರೆ ಇರ್ಲಿ ಸರ್, ಪರೀಕ್ಷೆ ಮುಗಿಯೋವರೆಗೂ.”

ಇಷ್ಟು ಸರಳ ಲೆಕ್ಕ. ಹದಿನೈದರ ಹುಡುಗಿ ಎರಡು ಸಲ ಓದಿ ಮಾಡಿದ ಲೆಕ್ಕವನ್ನು ತಾವು ಮಾಡಿರಲಿಲ್ಲ; ಸರಿಪಡಿಸುವ ಹೆಸರಿನಲ್ಲೂ ಜಾಗವನ್ನೇ ನೋಡಿದ್ದರು, ಈ ಸಲ ತಮ್ಮ ಜಾಗವನ್ನು. ಅಷ್ಟರಲ್ಲಿ ಸೀಟಿ ಕೇಳಿಸಿತು. ಅವಳು ಸ್ಟಾಪ್‌ವಾಚು ಒತ್ತಿದಳು. ಮೇಷ್ಟ್ರು ಅಲ್ಲಿರುವುದನ್ನು ಮರೆತು ಮುಂದಕ್ಕೆ ಬಾಗಿದಳು. ಮೂರನೇ ಸರದಿಗೆ ಹಾಕಿದ್ದ ಬೇರೆ ಹುಡುಗಿ ಕೋಲು ತೆಗೆದುಕೊಳ್ಳುವಾಗ ಎಡವಿದಳು. ಕಟ್ಟೆಯ ಮೇಲಿನವಳ ಬಲಗೈ ತಾನಾಗಿ ಹಿಂದಕ್ಕೆ ಚಾಚಿ, ಖಾಲಿ ಬೆರಳು ಮಡಚಿಕೊಂಡಿತು.

“ಹದಿನಾರು ಪಾಯಿಂಟ್ ಎರಡು,” ಅಂದಳು. ಆಮೇಲೆ, ಕಣ್ಣು ತೆಗೆಯದೆ, “ಬರ್ಕೊಳ್ಳಿ ಸರ್. ಡ್ರಿಲ್ ಸರ್ ಕೇಳ್ತಾರೆ, ನಂಗೆ ವಾಚು ಬಿಡೋಕಾಗಲ್ಲ.”

ಮೇಷ್ಟ್ರು ಜೇಬು ಮುಟ್ಟಿಕೊಂಡರು. ಹಾಳೆ ಒಂದೇ ಇತ್ತು. ತಿರುಗಿಸಿ, ಮೊಣಕಾಲ ಮೇಲಿಟ್ಟು ಬರೆದರು. ಹದಿನಾರು ಎರಡು. ಹದಿನೈದು ಎಂಟು. ಹದಿನೇಳು. ಅವಳು ಹೇಳುತ್ತ ಹೋದಳು, ಇವರು ಬರೆಯುತ್ತ ಹೋದರು, ಅವಳ ಪಕ್ಕ ಕೂತು, ಯಾರೋ ಒಬ್ಬರ ಚೀಲವನ್ನು ಸರಿಸಿಕೊಂಡು. ಒಂದು ಸಂಖ್ಯೆ ಸರಿಯಾಗಿ ಕೇಳಿಸದೆ ಮತ್ತೆ ಕೇಳಿದಾಗ ಅವಳು, “ಗಮನ ಇಡಿ ಸರ್” ಅಂದಳು. ಮೇಷ್ಟ್ರು ಗಮನ ಇಟ್ಟರು.

ಡ್ರಿಲ್ ಮೇಷ್ಟ್ರು ಬೆವರು ಒರೆಸಿಕೊಳ್ಳುತ್ತ ಬಂದು ಹಾಳೆ ಕೇಳಿದ. “ಏನು ಸಾರ್, ಕಡ್ಡಿ ಬಿಟ್ಟು ಪೆನ್ನು ಹಿಡಿದ್ರಿ?” ಎನ್ನುತ್ತ ಸಂಖ್ಯೆಗಳ ಮೇಲೆ ಕಣ್ಣಾಡಿಸಿ, ಹಿಂಬದಿಯಿಂದ ಮೂಡಿದ್ದ ಶಾಯಿಯನ್ನು ಹೆಬ್ಬೆರಳಿಂದ ಉಜ್ಜಿದ. “ಆ ಕಡೆ ಏನೋ ಬರೆದಿದೆ?”

ಹುಡುಗಿ ವಾಚಿನ ಗುಂಡಿಯ ಮೇಲೆ ಹೆಬ್ಬೆರಳು ಇಟ್ಟುಕೊಂಡು ಮೇಷ್ಟ್ರ ಕಡೆ ನೋಡಿದಳು.

“ರಜೆ ಅರ್ಜಿ,” ಮೇಷ್ಟ್ರು ಅಂದರು. “ಕೊಡಿ, ಸಂಖ್ಯೆಗಳನ್ನ ಬೇರೆ ಹಾಳೆಗೆ ಇಳಿಸಿ ಕೊಡ್ತೀನಿ.”

“ಯಾರದ್ದು ಅರ್ಜಿ?”

“ನಂದೇ.”